ಸಿಮೆಂಟ್ ಸೀಮೆಯ ಸೇತುವೆಗಳು: ಅಧಿಕ ಭಾರದ ಲಾರಿಗಳು ಮತ್ತು ಸುರಕ್ಷತೆಯ ಪರೀಕ್ಷೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ನೆಲದ ಮೇಲೆ ಎರೆಮಣ್ಣು, ಅದರಡಿ ಪದರುಪದರಾದ ಸುಣ್ಣಕಲ್ಲು. ಮೇಲಿನ ಮಣ್ಣು ತೊಗರಿ ಬೆಳೆಯುತ್ತದೆ. ಕೆಳಗಿನ ಕಲ್ಲು ಎರಡು ಉದ್ಯಮಗಳನ್ನು ಸಾಕಿದೆ: ಪರ್ಸಿ ಎಂಬ ನೆಲಹಾಸು ಕಲ್ಲು ಮತ್ತು ಸಿಮೆಂಟ್. ಶಹಾಬಾದಿನ ಸಿಮೆಂಟ್ ಕಾರ್ಖಾನೆ ನಿಜಾಮರ ಕಾಲದ್ದು. ವಾಡಿಯ ಕಾರ್ಖಾನೆ 1968ರಲ್ಲಿ ಬಂತು, ಮಳಖೇಡ ಮತ್ತು ಸೇಡಂನವು 1980ರ ದಶಕದಲ್ಲಿ. ಆಮೇಲೆ ಇಟಗಾ, ಕೋಡ್ಲಾ, ಚಿಂಚೋಳಿ ತಾಲ್ಲೂಕಿನ ಛತ್ರಸಾಲಾ ಹೀಗೆ ಸಾಲು ಬೆಳೆಯಿತು. ರೈಲು ಇದ್ದರೂ ಸರಕಿನ ದೊಡ್ಡ ಪಾಲು ರಸ್ತೆಯ ಮೇಲೆಯೇ ಹೋಗುತ್ತದೆ. ಸಿಮೆಂಟ್ ಚೀಲದ ಲಾರಿ, ಪುಡಿ ಸಿಮೆಂಟಿನ ಬಲ್ಕರ್, ಹಾರುಬೂದಿಯ ಬಲ್ಕರ್, ಪರ್ಸಿ ಲಾರಿ, ಜಲ್ಲಿಯ ಟಿಪ್ಪರ್ ಹಗಲೂ ರಾತ್ರಿ ಓಡುತ್ತವೆ. ಕಾಗಿಣಾ, ಬೆಣ್ಣೆತೊರೆ, ಮುಲ್ಲಾಮಾರಿ, ಕಮಲಾವತಿ ಮತ್ತು ಹೆಸರಿಲ್ಲದ ನೂರಾರು ಹಳ್ಳಗಳಿರುವ ಈ ಸೀಮೆಯಲ್ಲಿ ಯಾವ ಲಾರಿಯೂ ಸೇತುವೆ ದಾಟದೆ ಊರು ಬಿಡಲಾರದು.

ಈ ಸೇತುವೆಗಳು ಇಂದಿನ ಲಾರಿಗಳನ್ನು ಎಷ್ಟರ ಮಟ್ಟಿಗೆ ಹೊರಬಲ್ಲವು ಎಂದು ಅಳೆಯುವ ವಿಧಾನಗಳ ಪರಿಚಯ ಈ ಲೇಖನದ ವಿಷಯ.

ವಿನ್ಯಾಸದ ಲಾರಿ, ರಸ್ತೆಯ ಲಾರಿ

ಭಾರತದ ರಸ್ತೆ ಸೇತುವೆಗಳ ಭಾರದ ಮಾನಕವನ್ನು ನಿಗದಿ ಮಾಡುವುದು 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ ಐಆರ್‌ಸಿ 6 ಎಂಬ ಸಂಹಿತೆಯಲ್ಲಿ ಕೆಲವು ಕಲ್ಪಿತ ವಾಹನಗಳಿವೆ. 'ಎ' ವರ್ಗದ ವಾಹನಸಾಲಿಗೆ ಎಂಟು ಅಚ್ಚುಗಳು (ಆಕ್ಸಲ್), ಒಟ್ಟು ತೂಕ 55.4 ಟನ್. ಅದರ ಅತಿ ಭಾರದ ಅಚ್ಚು 11.4 ಟನ್. 70ಆರ್ ವರ್ಗದ ಗಾಲಿ ವಾಹನ 100 ಟನ್ನಿನದು. 'ಬಿ' ವರ್ಗ ಹಗುರ, 'ಎ'ಯ ಸುಮಾರು 60 ಪ್ರತಿಶತ. ಹಳೆಯ ಅಥವಾ ತಾತ್ಕಾಲಿಕ ಸೇತುವೆಗಳಿಗೆ ಅದನ್ನು ಬಳಸುತ್ತಿದ್ದರು. ಸೇತುವೆ ಯಾವ ವರ್ಗಕ್ಕೆ ಕಟ್ಟಿದ್ದು ಎಂಬುದೇ ಅದರ ಜಾತಕ. ದುಃಖದ ಸಂಗತಿಯೆಂದರೆ, ಹಳೆಯ ಸೇತುವೆಗಳಲ್ಲಿ ಎಷ್ಟೋ ಸಲ ಆ ಜಾತಕವೇ ಕೈಗೆ ಸಿಗುವುದಿಲ್ಲ. ನಕ್ಷೆ ಕಳೆದಿರುತ್ತದೆ, ಒಳಗೆ ಎಷ್ಟು ಕಬ್ಬಿಣ ಹಾಕಿದ್ದಾರೆ ಎಂದು ಹೇಳುವವರು ಇರುವುದಿಲ್ಲ.

ಇನ್ನೊಂದು ಕಡೆ ಕಾನೂನಿನ ಲಾರಿ ಇದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಅಚ್ಚಿನ ತೂಕದ ಮಿತಿಯನ್ನು ಏರಿಸಿತು. ನಾಲ್ಕು ಟೈರಿನ ಒಂಟಿ ಅಚ್ಚಿಗೆ 10.2 ಟನ್ ಇದ್ದದ್ದು 11.5 ಆಯಿತು, ಹಿಂದಿನ ಜೋಡಿ ಅಚ್ಚಿಗೆ 19 ಇದ್ದದ್ದು 21 ಆಯಿತು. ದೊಡ್ಡ ಟ್ರೇಲರುಗಳ ಒಟ್ಟು ಮಿತಿ 49ರಿಂದ 55 ಟನ್ನಿಗೆ ಹೋಯಿತು. ಅಂದರೆ, ನಿಯಮ ಪಾಲಿಸಿದ ಒಂಟಿ ಅಚ್ಚು ಕೂಡ 'ಎ' ವರ್ಗದ ಅತಿ ಭಾರದ ಅಚ್ಚನ್ನು ಕೂದಲೆಳೆಯಷ್ಟು ಮೀರಿದೆ. ಸೇತುವೆಯ ಬೆಲೆಬಾಳುವ ಮೀಸಲು ಬಲ ಒಂದಿಷ್ಟು ಆ ದಿನವೇ ಖರ್ಚಾಯಿತು. ಉಳಿದ ಮೀಸಲಿನ ಮೇಲೆ ಓವರ್‌ಲೋಡ್ ಕೂರುತ್ತದೆ.

ಓವರ್‌ಲೋಡ್ ಆಗುವುದು ಹೇಗೆ

ಸಿಮೆಂಟ್ ಚೀಲ 50 ಕಿಲೋ. ಇಪ್ಪತ್ತು ಚೀಲಕ್ಕೆ ಒಂದು ಟನ್. ಹತ್ತು ಗಾಲಿಯ ಲಾರಿಯ ಒಟ್ಟು ಮಿತಿ ಸುಮಾರು 28 ಟನ್, ಖಾಲಿ ತೂಕ 9-10 ಟನ್ ಎಂದು ಹಿಡಿದರೆ ಅದರಲ್ಲಿ ನಿಯಮಬದ್ಧವಾಗಿ ಹಿಡಿಯುವುದು 360ರಿಂದ 380 ಚೀಲ. ಅದರ ಮೇಲೆ 180 ಚೀಲ ಹೇರಿದರೆ 9 ಟನ್ ಹೆಚ್ಚಾಗುತ್ತದೆ. ತೊಟ್ಟಿಯ ಭಾರ ಬಹುಪಾಲು ಹಿಂದಿನ ಗಾಲಿಗಳ ಮೇಲೆಯೇ ಬೀಳುವುದರಿಂದ 21 ಟನ್ನಿನ ಜೋಡಿ ಅಚ್ಚು 30 ಟನ್ನಿನ ಹತ್ತಿರ ಹೋಗುತ್ತದೆ. ಚೀಲವನ್ನಾದರೂ ಎಣಿಸಬಹುದು.

ಪರ್ಸಿಯ ಕಥೆ ಬೇರೆ. ಶಹಾಬಾದ್ ಕಲ್ಲನ್ನು ಮಾರುವುದು ಚದರ ಅಡಿ ಲೆಕ್ಕದಲ್ಲಿ, ಹೊರುವುದು ಟನ್ ಲೆಕ್ಕದಲ್ಲಿ. ಒಂದು ಅಂಗುಲ ದಪ್ಪದ ನೂರು ಚದರ ಅಡಿ ಕಲ್ಲು ಸುಮಾರು 625 ಕಿಲೋ ತೂಗುತ್ತದೆ. ಮೂರು ಸಾವಿರ ಚದರ ಅಡಿ ಹೇರಿದರೆ 19 ಟನ್ನಿಗೆ ಸ್ವಲ್ಪ ಕಡಿಮೆ, ಅಂದರೆ ಲಾರಿ ಸರಿಯಾಗಿ ತುಂಬಿತು. ಆದರೆ ಖಣಿಯಲ್ಲಿ ಕಲ್ಲು ಸೀಳುವುದು ಅದರ ಪದರು ಹೇಗಿದೆಯೋ ಹಾಗೆ. ದಪ್ಪ ಸರಾಸರಿ ಒಂದೂಕಾಲು ಅಂಗುಲಕ್ಕೆ ಬಂದರೆ ಅದೇ ಮೂರು ಸಾವಿರ ಚದರ ಅಡಿ 23 ಟನ್ ದಾಟುತ್ತದೆ. ಹೇರಿದವನ ಲೆಕ್ಕದಲ್ಲೂ ಬಿಲ್ಲಿನಲ್ಲೂ ಅದೇ ಚದರ ಅಡಿ. ಭಾರ ಮಾತ್ರ ನಾಲ್ಕೂವರೆ ಟನ್ ಜಾಸ್ತಿ. ತೂಗುವ ಕಾಟಾದ ಮೇಲೆ ಹತ್ತುವವರೆಗೆ ಇದು ಯಾರಿಗೂ ಗೊತ್ತಾಗುವುದಿಲ್ಲ, ಡ್ರೈವರನಿಗೂ.

ಕಾಟಾ ಕೂಡ ಪೂರ್ತಿ ಸತ್ಯ ಹೇಳುವುದಿಲ್ಲ. ಅದರ ಚೀಟಿಯಲ್ಲಿ ಇರುವುದು ಒಟ್ಟು ತೂಕ. ಸೇತುವೆಗೆ ಬೇಕಾದದ್ದು ಅಚ್ಚಿನ ತೂಕ.

ಹತ್ತು ಮೀಟರಿನ ಲೆಕ್ಕ

ಅಚ್ಚಿನ ತೂಕ ಯಾಕೆ ಅಷ್ಟು ಮುಖ್ಯ ಎಂಬುದನ್ನು ಹಳ್ಳದ ಒಂದು ಸಣ್ಣ ಸೇತುವೆ ಇಟ್ಟುಕೊಂಡು ನೋಡಬಹುದು. ಎರಡು ಗೋಡೆಗಳ ಮೇಲೆ ಕೂತ 10 ಮೀಟರ್ ಅಂಕಣದ ಕಾಂಕ್ರೀಟ್ ಸ್ಲ್ಯಾಬ್. ಐವತ್ತು ಟನ್ನಿನ ಉದ್ದನೆಯ ಟ್ರೇಲರ್ ಇದರ ಮೇಲೆ ಒಮ್ಮೆಲೇ ಪೂರ್ತಿ ನಿಲ್ಲುವುದೇ ಇಲ್ಲ. ಅದರ ಮೂತಿ ಆಚೆ ದಾಟಿದಾಗ ಬಾಲ ಇನ್ನೂ ಈಚೆ ಇರುತ್ತದೆ. ಹತ್ತು ಗಾಲಿಯ ಗಿಡ್ಡ ಲಾರಿ ಹಾಗಲ್ಲ. ಅದರ ಹಿಂದಿನ ಎರಡು ಅಚ್ಚುಗಳ ನಡುವೆ ಇರುವುದು ಸುಮಾರು 1.4 ಮೀಟರ್, ಅವುಗಳ ಇಡೀ ಭಾರ ಸ್ಲ್ಯಾಬಿನ ನಟ್ಟನಡುವೆ ಕೂರುತ್ತದೆ.

21 ಟನ್ನಿನ ಜೋಡಿ ಅಚ್ಚು ಈ ಸ್ಲ್ಯಾಬಿನ ಮೇಲೆ ಉಂಟುಮಾಡುವ ಬಾಗಿಸುವ ಪರಿಣಾಮ ಸುಮಾರು 45 ಟನ್-ಮೀಟರ್. 'ಎ' ವರ್ಗದ ವಾಹನಸಾಲು ಕೊಡುವುದು ಸುಮಾರು 53. ಅಂದರೆ ನಿಯಮದ ಲಾರಿ ಸಲೀಸಾಗಿ ದಾಟುತ್ತದೆ. ಆದರೆ ಅದೇ ಜೋಡಿ ಅಚ್ಚು 30 ಟನ್ ಆದಾಗ ಪರಿಣಾಮ 65ಕ್ಕೆ ಏರುತ್ತದೆ. ಓಡುವ ಗಾಡಿಯ ಕುಲುಕಾಟಕ್ಕೆಂದು ಸಂಹಿತೆ ಇನ್ನೂ ಒಂದಿಷ್ಟು ಸೇರಿಸುತ್ತದೆ. ಕಾಂಕ್ರೀಟ್ ಸೇತುವೆಯಲ್ಲಿ 4.5ನ್ನು ಅಂಕಣದ ಉದ್ದಕ್ಕೆ 6 ಕೂಡಿಸಿದ ಸಂಖ್ಯೆಯಿಂದ ಭಾಗಿಸಬೇಕು. ಹತ್ತು ಮೀಟರಿಗೆ ಅದು 28 ಪ್ರತಿಶತ. ಹಾಗಾಗಿ 45, 53, 65 ಎಂಬವು ಕ್ರಮವಾಗಿ 58, 68, 83 ಆಗುತ್ತವೆ.

ಈಗ ಪರೀಕ್ಷೆಯ ಮುಖ್ಯ ಸೂತ್ರ. ಸೇತುವೆಯ ಒಟ್ಟು ಬಲದಿಂದ ಅದರ ಸ್ವಂತ ಭಾರ ಕಳೆದರೆ ಉಳಿಯುವುದು ವಾಹನಕ್ಕೆ ಸಿಗುವ ಬಲ. ಅದನ್ನು ವಾಹನದ ಪರಿಣಾಮದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ರೇಟಿಂಗ್. ಒಂದಕ್ಕಿಂತ ಹೆಚ್ಚಿದ್ದರೆ ಆ ವಾಹನಕ್ಕೆ ಸೇತುವೆ ಸಾಕು, ಕಡಿಮೆಯಿದ್ದರೆ ಸಾಲದು. ನಮ್ಮ ಸ್ಲ್ಯಾಬಿನಲ್ಲಿ ಒಂದು ವಾಹನಸಾಲಿಗೆ ಉಳಿದ ಬಲ 70 ಟನ್-ಮೀಟರ್ ಎಂದುಕೊಳ್ಳೋಣ. ನಿಯಮದ ಲಾರಿಗೆ ರೇಟಿಂಗ್ 1.2, 'ಎ' ವರ್ಗಕ್ಕೆ 1.03, ಓವರ್‌ಲೋಡ್ ಲಾರಿಗೆ 0.84. ಒಂದಕ್ಕಿಂತ ಕಡಿಮೆ ಬಂದ ಕೂಡಲೇ ಸೇತುವೆ ಬೀಳುತ್ತದೆ ಎಂದಲ್ಲ. ಅನಿರೀಕ್ಷಿತಕ್ಕೆಂದು ಎಂಜಿನಿಯರ್ ಎತ್ತಿಟ್ಟ ಬಲವನ್ನು ದಿನನಿತ್ಯದ ಸಾಗಣೆ ತಿನ್ನುತ್ತಿದೆ ಎಂದು ಅರ್ಥ.

ಇಲ್ಲಿ ಲಾರಿಯವರ ತಪ್ಪಲ್ಲದ ಒಂದು ಭಾರವನ್ನೂ ಹೇಳಬೇಕು. ರಸ್ತೆಗೆ ಡಾಂಬರು ಹಾಕುವಾಗ ಸೇತುವೆಯ ಮೇಲೂ ಒಂದು ಪದರು ಎಳೆದುಬಿಡುವುದು ಎಲ್ಲೆಡೆ ರೂಢಿ. ಹಳೆಯದನ್ನು ಕೆರೆದು ತೆಗೆಯುವುದಿಲ್ಲ. 10 ಮೀಟರ್ ಉದ್ದ, 7.5 ಮೀಟರ್ ಅಗಲದ ಸ್ಲ್ಯಾಬಿನ ಮೇಲೆ 50 ಮಿಲಿಮೀಟರ್ ಡಾಂಬರು ಎಂದರೆ ಸುಮಾರು ಎಂಟೂವರೆ ಟನ್. ಒಂದು ಸಾಲಿನ ಪಾಲಿಗೆ 5 ಟನ್-ಮೀಟರಿಗೂ ಹೆಚ್ಚು ಪರಿಣಾಮ, ಎಂದೆಂದಿಗೂ ಇಳಿಯದ ಹೊರೆ. ಮೇಲಿನ ಲೆಕ್ಕದಲ್ಲಿ ಉಳಿದ ಬಲ 70ರಿಂದ 65ರ ಆಸುಪಾಸಿಗೆ ಇಳಿದು, 'ಎ' ವರ್ಗದ ರೇಟಿಂಗ್ 0.95 ಆಗುತ್ತದೆ. ಒಂದೇ ಪದರು ಡಾಂಬರು ಸೇತುವೆಯನ್ನು ಪಾಸಾದವರ ಸಾಲಿನಿಂದ ನಪಾಸಾದವರ ಸಾಲಿಗೆ ತಳ್ಳಿತು.

ಸ್ಥಳದಲ್ಲಿ ನೋಡುವುದು

ಲೆಕ್ಕಕ್ಕೆ ಮೊದಲು ಕಣ್ಣು ಬೇಕು. ಸೇತುವೆಯ ಆರೋಗ್ಯ ಕಾಣುವುದು ಮೇಲಿನಿಂದಲ್ಲ, ಕೆಳಗಿನಿಂದ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಕೆಳಗಿಳಿದು ಸ್ಲ್ಯಾಬಿನ ತಳ ನೋಡಿದರೆ ಅದು ತನ್ನ ಕಷ್ಟವನ್ನು ತಾನೇ ಹೇಳುತ್ತದೆ. ನಟ್ಟನಡುವೆ ಅಡ್ಡಕ್ಕೆ ಓಡುವ ಕೂದಲಿನಂಥ ಬಿರುಕು ಬಾಗುವಿಕೆಯ ಗುರುತು. ಗರ್ಡರಿನ ತುದಿಯಲ್ಲಿ ಓರೆಯಾಗಿ ಏರುವ ಬಿರುಕು ಅದಕ್ಕಿಂತ ಅಪಾಯದ್ದು, ಕತ್ತರಿಸುವ ಬಲ ಮೀರಿದ್ದರ ಸೂಚನೆ. ಕಂದು ಕಲೆ ಇದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ಸಿಪ್ಪೆಯಂತೆ ಕಾಂಕ್ರೀಟ್ ಕಳಚಿ ಸರಳು ಹೊರಗೆ ಕಂಡರೆ ತುಕ್ಕು ಬಹಳ ದೂರ ಹೋಗಿದೆ. ಬೇರಿಂಗ್ ಕೂತ ಜಾಗದಲ್ಲಿ ಮಣ್ಣು ತುಂಬಿ ಗಿಡ ಬೆಳೆದಿದ್ದರೆ ಸ್ಲ್ಯಾಬು ಬಿಸಿಲಿಗೆ ಹಿಗ್ಗಲು ದಾರಿಯಿಲ್ಲ. ಕಲಬುರಗಿಯ ಬಿಸಿಲು ಎಂಥದ್ದೆಂದು ಬೇರೆ ಹೇಳಬೇಕಾಗಿಲ್ಲ.

ಎರೆಮಣ್ಣು ಈ ಸೀಮೆಗೆ ಕೊಟ್ಟ ವಿಶೇಷ ತೊಂದರೆಯೊಂದಿದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಮೇಲೆ ಕಟ್ಟಿದ ಸೇತುವೆಯ ಕೂಡುದಾರಿ ಕಾಲಕ್ರಮದಲ್ಲಿ ಕುಸಿಯುತ್ತದೆ, ಸೇತುವೆ ಅಲ್ಲೇ ಉಳಿಯುತ್ತದೆ. ಸೇರುವ ಜಾಗದಲ್ಲಿ ಒಂದು ಮೆಟ್ಟಿಲು ಹುಟ್ಟುತ್ತದೆ. ತುಂಬಿದ ಲಾರಿ ಆ ಮೆಟ್ಟಿಲಿಗೆ ಬಡಿದು ಒಳಬರುವಾಗ ಕೊಡುವ ಪೆಟ್ಟು ಸಂಹಿತೆಯ ಕುಲುಕಾಟದ ಲೆಕ್ಕಕ್ಕೂ ಮೀರಬಹುದು. ಕೂಡುದಾರಿ ಸಮ ಮಾಡುವುದು ಸೇತುವೆ ಬಲಪಡಿಸುವ ಅತಿ ಅಗ್ಗದ ಕೆಲಸ.

ನೀರಿನದು ಇನ್ನೊಂದು ಅಧ್ಯಾಯ. ತಾಂಡೂರಿನ ಕಡೆಯಿಂದ ಬರುವ ಕಾಗಿಣಾ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು ಮುಂದೆ ಭೀಮೆಯನ್ನು ಸೇರುತ್ತದೆ. ಹೊಳೆ ಉಕ್ಕಿದಾಗ ಮಳಖೇಡ ಮತ್ತು ಚಿತ್ತಾಪುರ ತಾಲ್ಲೂಕಿನ ದಂಡೋತಿಯ ಸೇತುವೆಗಳು ಮುಳುಗಿ ಸಂಚಾರ ನಿಲ್ಲುವುದು ಇಲ್ಲಿನವರಿಗೆ ಹೊಸದಲ್ಲ. 2020ರ ಅಕ್ಟೋಬರಿನ ಪ್ರವಾಹವನ್ನು ಜನ ಇನ್ನೂ ಮರೆತಿಲ್ಲ. ಪ್ರವಾಹದಲ್ಲಿ ನೀರು ಕಂಬದ ಬುಡದ ಮಣ್ಣನ್ನು ಕೊರೆಯುತ್ತದೆ. ನೀರಿಳಿದಾಗ ಆ ಗುಂಡಿ ಹೂಳು ತುಂಬಿ ಸರಿಯಿದ್ದಂತೆ ಕಾಣುತ್ತದೆ, ಹೂಳಿಗೆ ಹೊರುವ ಶಕ್ತಿಯಿಲ್ಲ. ಎರಡು ದಿನ ಆಚೆಈಚೆ ನಿಂತ ತುಂಬಿದ ಲಾರಿಗಳು ಸಾಲುಗಟ್ಟಿ ನುಗ್ಗುವುದು ಸರಿಯಾಗಿ ಆ ಗಳಿಗೆಯಲ್ಲಿ. ಮುಳುಗಿ ಎದ್ದ ಸೇತುವೆಯನ್ನು ಬುಡ ನೋಡದೆ ಭಾರೀ ವಾಹನಕ್ಕೆ ತೆರೆಯಬಾರದು. ಈ ಒಂದು ಮಾತಿನಲ್ಲಿ ರಾಜಿಗೆ ಜಾಗವಿಲ್ಲ.

ಕಣ್ಣಿಗೆ ಕಾಣದ್ದಕ್ಕೆ ಉಪಕರಣಗಳಿವೆ. ಸ್ಪ್ರಿಂಗ್ ಸುತ್ತಿಗೆಯಿಂದ ಕಾಂಕ್ರೀಟಿನ ಮೇಲ್ಮೈ ಗಟ್ಟಿತನ ತಿಳಿಯುತ್ತದೆ. ಶ್ರವಣಾತೀತ ಧ್ವನಿ ಕಾಂಕ್ರೀಟಿನೊಳಗೆ ಸೆಕೆಂಡಿಗೆ 4.5 ಕಿಲೋಮೀಟರಿಗಿಂತ ವೇಗವಾಗಿ ಸಾಗಿದರೆ ಉತ್ತಮ, 3ಕ್ಕಿಂತ ಕಡಿಮೆಯಾದರೆ ಅನುಮಾನ. ವಿದ್ಯುತ್ ವಿಭವ ಅಳೆದು ಸರಳಿನ ತುಕ್ಕನ್ನು ಊಹಿಸಬಹುದು. ಕೊರೆದು ತೆಗೆದ ತುಂಡನ್ನು ಪ್ರಯೋಗಾಲಯದಲ್ಲಿ ಒಡೆದು ನೋಡುವುದು ಎಲ್ಲಕ್ಕಿಂತ ನಂಬಿಕೆಯ ದಾರಿ.

ಭಾರ ಹೇರಿ ನೋಡುವುದು

ನಕ್ಷೆಯಿಲ್ಲದ, ಲೆಕ್ಕಕ್ಕೆ ಸಿಗದ ಸೇತುವೆಗೆ ಕೊನೆಯ ಪರೀಕ್ಷೆ ಭಾರ ಪರೀಕ್ಷೆ. ಬಲ ಲೆಕ್ಕ ಹಾಕುವ ಕ್ರಮ ಐಆರ್‌ಸಿ ವಿಶೇಷ ಪ್ರಕಟಣೆ 37ರಲ್ಲಿದೆ. ಇದು 1991ರಲ್ಲಿ ಬಂದು 2010ರಲ್ಲಿ ಪರಿಷ್ಕೃತವಾಯಿತು. ಭಾರ ಪರೀಕ್ಷೆಯ ಕ್ರಮ ಪ್ರಕಟಣೆ 51ರಲ್ಲಿದೆ. ಸಂಚಾರ ನಿಲ್ಲಿಸಿ, ಸ್ಲ್ಯಾಬಿನಡಿ ಬಾಗು ಅಳೆಯುವ ಗಡಿಯಾರಗಳನ್ನು ಕೂರಿಸಿ, ಮೊದಲು ಬಿಸಿಲು-ತಂಪಿಗೆ ಸೇತುವೆ ತಾನಾಗಿ ಎಷ್ಟು ಅಲುಗುತ್ತದೆ ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ತೂಕ ಮಾಡಿದ ಲಾರಿ ಅಥವಾ ಮರಳು ಚೀಲಗಳನ್ನು ಹಂತಹಂತವಾಗಿ ಏರಿಸುತ್ತಾರೆ. ಪೂರ್ತಿ ಭಾರ 24 ಗಂಟೆ ಮೇಲೇ ಇರುತ್ತದೆ. ಇಳಿಸಿದ ಮೇಲೆ ಇನ್ನೊಂದು 24 ಗಂಟೆಯಲ್ಲಿ ಬಾಗಿದ್ದರಲ್ಲಿ ಕನಿಷ್ಠ 75 ಪ್ರತಿಶತದಷ್ಟನ್ನು ಕಾಂಕ್ರೀಟ್ ಸೇತುವೆ ತಾನಾಗಿ ನೇರ ಮಾಡಿಕೊಳ್ಳಬೇಕು. ಪೂರ್ವಬಿಗಿತದ ಸೇತುವೆಗೆ ಮಿತಿ 85 ಪ್ರತಿಶತ. ಬಾಗುವುದು ತಪ್ಪಲ್ಲ, ಮರಳಿ ಏಳದಿರುವುದು ತಪ್ಪು.

ಒಂದು ಪರೀಕ್ಷೆ ಪಾಸಾದರೆ ಎಲ್ಲ ಮುಗಿಯಿತು ಎಂದೂ ತಿಳಿಯಬಾರದು. ಸವೆತ ಬರುವುದು ಒಂದೇ ಏಟಿನಿಂದಲ್ಲ, ಲಕ್ಷಾಂತರ ಏಟಿನಿಂದ. 1958-60ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ ಹೊರಟ ನಿಯಮದಂತೆ, ರಸ್ತೆಯ ಹಾನಿ ಅಚ್ಚಿನ ಭಾರದ ನಾಲ್ಕನೇ ಘಾತದಂತೆ ಏರುತ್ತದೆ. ಉಕ್ಕಿನ ಸೇತುವೆಯ ದಣಿವಿಗೆ ಸುಮಾರಾಗಿ ಮೂರನೇ ಘಾತ. 21ರ ಬದಲು 30 ಟನ್ ಎಂದರೆ ರಸ್ತೆಗೆ ನಾಲ್ಕು ಪಟ್ಟು, ಉಕ್ಕಿಗೆ ಮೂರು ಪಟ್ಟಿನ ಹತ್ತಿರ ಹಾನಿ. ಅಂಥ ಒಂದು ಲಾರಿ ಉಕ್ಕಿನ ಸೇತುವೆಯ ಆಯುಸ್ಸಿನಲ್ಲಿ ಮೂರು ಲಾರಿಗಳ ಪಾಲು ಉಣ್ಣುತ್ತದೆ.

ಭಾರವೇ ಶತ್ರುವಲ್ಲ ಎಂಬುದಕ್ಕೆ ಸಂಹಿತೆಯಲ್ಲೇ ಸಾಕ್ಷಿಯಿದೆ. ದೊಡ್ಡ ಯಂತ್ರ ಸಾಗಿಸುವ 385 ಟನ್ನಿನ ವಿಶೇಷ ವಾಹನಕ್ಕೂ ಅದರಲ್ಲಿ ಜಾಗವಿದೆ. ಟ್ರೇಲರಿನ ಭಾರವನ್ನು 18 ಟನ್ನಿನ ಇಪ್ಪತ್ತು ಅಚ್ಚುಗಳ ಮೇಲೆ ಹಂಚಿ, ಬೇರೆ ಗಾಡಿಗಳನ್ನು ತಡೆದು, ನಡುಗೆರೆಯಲ್ಲಿ, ಗಂಟೆಗೆ 5 ಕಿಲೋಮೀಟರ್ ಮೀರದ ವೇಗದಲ್ಲಿ ಅದು ದಾಟಬೇಕು. ಮೊದಲೇ ಲೆಕ್ಕ ಹಾಕಿದ 385 ಟನ್ ಸುರಕ್ಷಿತವಾಗಿ ದಾಟಬಲ್ಲದು. ಲೆಕ್ಕಕ್ಕೆ ಸಿಗದ 40 ಟನ್ನಿಗೆ ಆ ಭರವಸೆಯಿಲ್ಲ.

ಬಿದ್ದ ಸೇತುವೆಗಳು ಹೇಳಿದ್ದು

1967ರ ಡಿಸೆಂಬರ್ 15ರಂದು ಅಮೆರಿಕದ ಒಹಾಯೊ ನದಿಯ ಸಿಲ್ವರ್ ಬ್ರಿಡ್ಜ್ ಕುಸಿದು 46 ಜನ ಸತ್ತರು. 1928ರ ಆ ಸೇತುವೆಯ ಒಂದು ಕೊಂಡಿಯಲ್ಲಿದ್ದ ಸಣ್ಣ ಬಿರುಕು ಕಾರಣ. ಕಟ್ಟಿದ ಕಾಲದ ಗಾಡಿಗಳಿಗಿಂತ ಎಷ್ಟೋ ಭಾರದ ಲಾರಿಗಳು ಅದರ ಮೇಲೆ ಓಡುತ್ತಿದ್ದವು. ಆ ದೇಶದಲ್ಲಿ ಸೇತುವೆಗಳ ನಿಯತ ತಪಾಸಣೆ ಕಾನೂನಾದದ್ದು ಆ ಸಾವುಗಳ ಮೇಲೆ. ನಮ್ಮಲ್ಲಿ 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ಬದುಕಿಸಿ ತೆಗೆದರು. ಆ ಸೇತುವೆಗೆ ಸುಮಾರು ನಲವತ್ತು ವರ್ಷ. 2025ರ ಜುಲೈ 9ರಂದು ಗುಜರಾತಿನ ಮಹಿಸಾಗರ ನದಿಯ ಗಂಭೀರಾ ಸೇತುವೆ ಮುರಿದು ಇಪ್ಪತ್ತಕ್ಕೂ ಹೆಚ್ಚು ಜೀವ ಹೋದವು. ಅದು 1985ರದು. ಎರಡೂ ಮುದಿ ಸೇತುವೆಗಳಲ್ಲ. ನಮ್ಮ ಸಿಮೆಂಟ್ ಕಾರ್ಖಾನೆಗಳ ಓರಗೆಯವು.

ಕಾನೂನು ಮತ್ತು ಅದರ ಬಾಗಿಲು

ಮೋಟಾರು ವಾಹನ ಕಾಯ್ದೆಯ 194ನೇ ಕಲಂ 2019ರ ಸೆಪ್ಟೆಂಬರಿನಿಂದ ಅಧಿಕ ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಹೇಳುತ್ತದೆ. ಹೆಚ್ಚಿನ ಭಾರ ಇಳಿಸದೆ ಗಾಡಿ ಮುಂದೆ ಬಿಡುವಂತಿಲ್ಲ. ದಂಡ ಕಟ್ಟಿಸಿಕೊಂಡು ಭಾರದ ಸಮೇತ ಬಿಟ್ಟರೆ ಖಜಾನೆ ತುಂಬುತ್ತದೆಯೇ ಹೊರತು ಸೇತುವೆಯ ಮೇಲಿನ ಒಂದು ಕಿಲೋ ಇಳಿಯುವುದಿಲ್ಲ. ಮುಂಗಡ ಶುಲ್ಕ ಪಡೆದು ಅಧಿಕ ಭಾರಕ್ಕೆ ಕಾರ್ಡು ಕೊಡುತ್ತಿದ್ದ ಕೆಲವು ರಾಜ್ಯಗಳ ಪದ್ಧತಿಯನ್ನು ಸುಪ್ರೀಂ ಕೋರ್ಟು 2005ರ ನವೆಂಬರಿನಲ್ಲಿ ತಪ್ಪೆಂದು ಹೇಳಿದ್ದು ಇದಕ್ಕೇ. ಕಾಯ್ದೆ ಓಡಿಸಿದವನ ಜೊತೆಗೆ ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಚಾಲಕನ ಮೇಲೆ ಮಾತ್ರ ಕೇಸು ಹಾಕಿ ಮುಗಿಸುವುದು ನ್ಯಾಯವಲ್ಲ. ಎಷ್ಟು ಹೇರಬೇಕೆಂದು ತೀರ್ಮಾನಿಸುವುದು ಅವನಲ್ಲ, ಬಾಡಿಗೆ ಟನ್ನಿನ ಲೆಕ್ಕದಲ್ಲಿ ಕೊಡುವವರು.

ರಾಷ್ಟ್ರೀಯ ಹೆದ್ದಾರಿಗಳ ಸೇತುವೆಗಳನ್ನು ಪಟ್ಟಿ ಮಾಡಿ ಅಂಕ ಕೊಡುವ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆ 2016ರಲ್ಲಿ ಶುರುವಾಗಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸೇತುವೆ-ಮೋರಿಗಳನ್ನು ದಾಖಲಿಸಿತು. ಒಳ್ಳೆಯ ಕೆಲಸ. ಆದರೆ ಖಣಿಯಿಂದ, ಕಾರ್ಖಾನೆಯ ಗೇಟಿನಿಂದ ಲಾರಿ ಮೊದಲು ದಾಟುವುದು ಜಿಲ್ಲಾ ರಸ್ತೆಯ, ರಾಜ್ಯ ಹೆದ್ದಾರಿಯ ಸಣ್ಣ ಸೇತುವೆಗಳನ್ನು. ಭಾರ ಅತಿ ಹೆಚ್ಚು ಬೀಳುವುದೂ ಅಲ್ಲೇ, ಕಣ್ಣು ಅತಿ ಕಡಿಮೆ ಬೀಳುವುದೂ ಅಲ್ಲೇ.

ದುರ್ಬಲ ಎಂದು ಕಂಡ ಸೇತುವೆಯನ್ನು ಮುಚ್ಚಲೇಬೇಕೆಂದಿಲ್ಲ. ವೇಗ ತಗ್ಗಿಸಬಹುದು, ಒಮ್ಮೆಗೆ ಒಂದೇ ಲಾರಿ ನಡುವಿನಲ್ಲಿ ಹೋಗುವಂತೆ ಮಾಡಬಹುದು, ಅಚ್ಚಿನ ತೂಕದ ಮಿತಿಯ ಕೆಂಪು ದುಂಡು ಫಲಕ ನಿಲ್ಲಿಸಬಹುದು. ಹಣ ಇದ್ದರೆ ಕಾರ್ಬನ್ ನಾರಿನ ಪಟ್ಟಿ, ಹೊರಗಿನಿಂದ ಬಿಗಿಯುವ ಉಕ್ಕಿನ ಹುರಿ, ಹೊಸ ಬೇರಿಂಗ್, ಕಂಬಕ್ಕೆ ಕಾಂಕ್ರೀಟಿನ ಕವಚ ಎಲ್ಲವೂ ಸಾಧ್ಯ.

ಈ ಸೀಮೆಯಲ್ಲಿ ಮೊದಲು ಆಗಬೇಕಾದದ್ದು ಮಾತ್ರ ಅಷ್ಟು ದುಬಾರಿಯಲ್ಲ. ಕಾರ್ಖಾನೆಗಳ ಗೇಟಿನಲ್ಲಿ ಕಾಟಾ ಈಗಾಗಲೇ ಇದೆ. ಅದೇ ಕಾಟಾದ ಮೇಲೆ ಲಾರಿಯ ಮುಂದಿನ ಗಾಲಿಗಳನ್ನು ಒಮ್ಮೆ, ಹಿಂದಿನ ಗಾಲಿಗಳನ್ನು ಒಮ್ಮೆ ನಿಲ್ಲಿಸಿದರೆ ಅಚ್ಚಿನ ತೂಕ ಸುಮಾರಾಗಿ ಚೀಟಿಗೆ ಬರುತ್ತದೆ. ಪರ್ಸಿ ಖಣಿಗಳ ದಾರಿಗೂ ಅಂಥ ಕಾಟಾ ಹಾಕಬಹುದು. ಆ ಚೀಟಿಗಳನ್ನು ಲೋಕೋಪಯೋಗಿ ಇಲಾಖೆ ತಿಂಗಳಿಗೊಮ್ಮೆ ತರಿಸಿಕೊಂಡು, ಹಳ್ಳದ ಸಣ್ಣ ಸೇತುವೆಗಳ ರೇಟಿಂಗನ್ನು ಪುಸ್ತಕದ ಲಾರಿಯಿಂದಲ್ಲದೆ ಇಲ್ಲಿ ನಿಜವಾಗಿ ಓಡುವ ಲಾರಿಯಿಂದ ಲೆಕ್ಕ ಹಾಕಲಿ. ಬಂದ ಸಂಖ್ಯೆಯನ್ನು ಸೇತುವೆಯ ಎರಡೂ ತುದಿಯಲ್ಲಿ ಕನ್ನಡದಲ್ಲಿ, ಗಡಿಯಾಚೆಯಿಂದ ಬರುವ ಡ್ರೈವರುಗಳಿಗಾಗಿ ತೆಲುಗು-ಹಿಂದಿಯಲ್ಲಿ ಬರೆಸಲಿ. ಬರುವ ಮಳೆಗಾಲದಲ್ಲಿ ಕಾಗಿಣಾ ಏರುವ ಮುಂಚೆ ಈ ಕೆಲಸ ಮಳಖೇಡ ಮತ್ತು ದಂಡೋತಿಯಿಂದ ಶುರುವಾಗಲಿ.